ಐದನೇ ಅಧ್ಯಾಯ ಎಲ್ಲಿ ಹೋಯ್ತು?



ನಾನು ನಾಯಕನಾಗಿ ವಾಪಸು ಬಂದಿದ್ದೇನೆ. ಐದೇ ದಿನ ಸಾಕಾಯ್ತು. ಸುಳ್ಳಲ್ಲ, ಸರ್ಟಿಫಿಕೇಟ್ ಅದ. ಮೂರು ವರ್ಷ ಓದಿ ತಗೊಂಡ ನನ್ನ ಬಿ.ಎ. ಸರ್ಟಿಫಿಕೇಟಿಗಿಂತ ಇದರ ಕಾಗದ ದಪ್ಪ. ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ. ಅವ್ವ ನೋಡಿ, "ಇದಕ್ಕ ನೌಕ್ರಿ ಸಿಗ್ತದೇನಪಾ?" ಅಂದಳು. ನೌಕರಿ ಅಲ್ಲವ್ವಾ, ಹಿಂದ ಬರೋ ಮಂದಿ ಸಿಗ್ತಾರಂತ ಅಂದೆ. "ಹಂಗಾದ್ರ ಮೊದಲ ಎಮ್ಮಿಗೆ ನೀರು ಕುಡಿಸ್ಕೊಂಡು ಬಾ, ಅದು ಹಿಂದ ಬರ್ತದ" ಅಂದಳು.

ನಗುವ ಮಾತು ಇಷ್ಟೇ.

ವಿಶ್ವಾಸದ ತಳಹದಿಯ ಮೇಲೆ ನಾಯಕತ್ವ ಬೆಳೆಸುವ ತೀವ್ರ ತರಬೇತಿ ಕಾರ್ಯಾಗಾರ ಅಂತ ಅದರ ಹೆಸರು. ಮೂರು ದಿನ ಬೀದರ ಶಹರದಲ್ಲಿ, ಒಂದು ದಿನ ಭಾಲ್ಕಿಯಲ್ಲಿ, ಕೊನೆಯ ದಿನ ಔರಾದದಲ್ಲಿ. ನಡೆಸಿದವರ ಹೆಸರು ನಾನು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಒಬ್ಬರ ಹೆಸರು ಬರೆದರೆ ಉಳಿದವರೆಲ್ಲ "ಸದ್ಯ, ನಾವಲ್ಲ" ಅಂತ ಆರಾಮಾಗಿ ಕೂತುಬಿಡ್ತಾರೆ. ಇಂಥ ಶಿಬಿರ ಒಂದಲ್ಲ. ಒಂದೇ ಧರ್ಮದವರು ನಡೆಸುವಂಥದ್ದೂ ಅಲ್ಲ.

ಸಂಘಟನೆಯ ಹುಡುಗ ನೀನು, ಅಲ್ಲಿಗೆ ಯಾಕೆ ಹೋದೆ ಅಂತ ಕೇಳುವವರಿದ್ದೀರಿ. ಹೇಳ್ತೇನೆ. ನಮ್ಮ ಮನೆ ಮೂರು ತಲೆಮಾರಿನಿಂದ ಚರ್ಚಿನ ಮನೆ. ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ನಿಜಾಮನ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಬೀದರಕ್ಕೆ ಬಂದರು. ಊರವರು ಕೇರಿಯ ನೆರಳಿಗೆ ಹೇಸುತ್ತಿದ್ದ ಕಾಲ ಅದು. ಕೇರಿಯೊಳಗೆ ಬಂದು ಕೂತವರು ಇವರು. ನನ್ನ ಅಜ್ಜಿಗೆ ಅಕ್ಷರ ಕಲಿಸಿದ್ದು ಯಾವ ಸರ್ಕಾರವೂ ಅಲ್ಲ, ಯಾವ ಮಠವೂ ಅಲ್ಲ, ಮನೆಮನೆಗೆ ಬರ್ತಿದ್ದ ಬೈಬಲ್ ಹೆಂಗಸು. ವಿಕಾರಾಬಾದ್ ಹತ್ತಿರದ ಧಾರೂರು ಜಾತ್ರೆಗೆ ನಮ್ಮವರು ಬಂಡಿ ಕಟ್ಟಿಕೊಂಡು ಹೋಗ್ತಿದ್ದರು, ರೊಟ್ಟಿ ಬುತ್ತಿ ಕಟ್ಟಿಕೊಂಡು, ಗಿಡದ ಕೆಳಗೆ ಮಲಗಿ. ಅಲ್ಲಿ ಯಾರೂ ಅವರನ್ನು ದೂರ ನಿಲ್ಲು ಅನ್ನಲಿಲ್ಲ. ಇದನ್ನು ಮರೆತು ಮಾತಾಡುವ ನಾಲಿಗೆ ನನಗೆ ಬೇಡ.

ಇನ್ನೊಂದು ಮಾತೂ ಈಗಲೇ ಹೇಳಿಬಿಡ್ತೇನೆ. ಈ ಬರಹವನ್ನು ಎತ್ತಿಕೊಂಡು ಹೋಗಿ "ನೋಡ್ರಿ, ದಲಿತನೇ ಕ್ರೈಸ್ತರನ್ನು ಬೈತಾನೆ" ಅಂತ ಕೇಸರಿ ಶಾಲು ಹಾಕಿ ಕುಣಿಯುವವರು ದಯವಿಟ್ಟು ದೂರ ಇರಬೇಕು. 2022ರಲ್ಲಿ ಈ ರಾಜ್ಯದಲ್ಲಿ ಮತಾಂತರದ ವಿರುದ್ಧ ಕಾಯ್ದೆ ಬಂತು. ಅದರಲ್ಲಿ ಪರಿಶಿಷ್ಟ ಜಾತಿಯವರನ್ನು ಮತಾಂತರಿಸಿದರೆ ಮೂರರಿಂದ ಹತ್ತು ವರ್ಷ ಜೈಲು. ಮಕ್ಕಳು, ಹೆಂಗಸರು, ನಾವು — ಒಂದೇ ಸಾಲಿನಲ್ಲಿ, ಬುದ್ಧಿ ಬಲಿಯದವರ ಪಟ್ಟಿಯಲ್ಲಿ! 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಧರ್ಮ ಬದಲಿಸಿದ ಮನುಷ್ಯನಿಗೆ ಬುದ್ಧಿ ಬಲಿತಿರಲಿಲ್ಲವೇನು? 2023ರ ಜೂನಿನಲ್ಲಿ ಸಂಪುಟ ಆ ಕಾಯ್ದೆ ರದ್ದು ಮಾಡ್ತೇವೆ ಅಂತ ತೀರ್ಮಾನಿಸಿತು. ಕಾಯ್ದೆಯ ಹಿಂದಿನ ಮನಸ್ಸನ್ನು ಯಾವ ಸಂಪುಟ ರದ್ದು ಮಾಡ್ತದೆ? ನನ್ನ ಜಗಳ ನನ್ನ ಮನೆಯೊಳಗಿನ ಜಗಳ. ಹೊರಗಿನ ಪಂಚರು ಬೇಕಾಗಿಲ್ಲ.

ಈಗ ಶಿಬಿರಕ್ಕೆ ಬರೋಣ.

ಬೆಳಗ್ಗೆ ಐದಕ್ಕೆ ಗಂಟೆ. ಪ್ರಾರ್ಥನೆ, ಹಾಡು, ಮೌನ, ಚಹಾ. ಮೊಬೈಲುಗಳನ್ನು ಒಂದು ಬಕೆಟ್‌ನಲ್ಲಿ ತುಂಬಿ ಒಳಗಿಟ್ಟರು. ಆಮೇಲೆ ರಾತ್ರಿ ಹತ್ತರವರೆಗೆ ಪಾಠ. ತರಬೇತಿ ಕೊಡಲು ಬೆಂಗಳೂರಿನಿಂದ ಬಂದವರು ಒಳ್ಳೆಯ ಮನುಷ್ಯರು, ಇದು ವ್ಯಂಗ್ಯ ಅಲ್ಲ. ನಮ್ಮ ಜೊತೆ ನೆಲದ ಮೇಲೆ ಕೂತು ಉಂಡರು, ತಟ್ಟೆ ತೊಳೆದರು. ಜನ್ಮದಲ್ಲಿ ಮೈಕು ಮುಟ್ಟದ ಹುಡುಗಿಯರು ಎರಡನೇ ದಿನ ಮೈಕಿನ ಮುಂದೆ ನಿಂತು ಹೆಸರು ಹೇಳಿದರು. ನಮ್ಮ ಸಂಘಟನೆಯ ಸಭೆಗಳಲ್ಲಿ ಎಷ್ಟು ಹುಡುಗಿಯರ ಕೈಗೆ ಮೈಕು ಕೊಟ್ಟಿದ್ದೇವೆ? ಅದನ್ನು ಆಮೇಲೆ ಹೇಳ್ತೇನೆ, ಬಿಡೋದಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗ ಹಿಡಿದು ನಡೆಯುವ ಆಟ ಆಡಿಸಿದರು. ನಾಯಕನನ್ನು ನಂಬಬೇಕು ಅನ್ನೋದು ಅದರ ಪಾಠವಂತೆ. ಕಣ್ಣು ಕಟ್ಟಿಸಿಕೊಂಡು ಹಗ್ಗದ ಹಿಂದೆ ನಡೆಯುವುದನ್ನು ನಮ್ಮ ಜನಕ್ಕೆ ಕಲಿಸಬೇಕಾ? ಅದು ನಮಗೆ ಸಾವಿರಾರು ವರ್ಷದ ಅನುಭವ! ಆಮೇಲೆ ಪ್ರತಿಯೊಬ್ಬರೂ ತಮ್ಮ ಬದುಕಿನ ದರ್ಶನವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ನನ್ನ ಪಕ್ಕದ ಹುಡುಗ ವರ್ಷಕ್ಕೆ ನಾಲ್ಕೈದು ತಿಂಗಳು ಮಹಾರಾಷ್ಟ್ರದಲ್ಲಿ ಕಬ್ಬು ಕಡೀಲಿಕ್ಕೆ ಹೋಗ್ತಾನೆ. ಅರ್ಧ ತಾಸು ಪೆನ್ನು ಕಚ್ಚಿ ಕೂತು, "ಮುಂಗಡ ತೀರಿಸಬೇಕು" ಅಂತ ಬರೆದ. ತರಬೇತುದಾರರು ಬೆನ್ನು ತಟ್ಟಿ, ಇನ್ನೂ ದೊಡ್ಡದಾಗಿ ಯೋಚಿಸು ತಮ್ಮಾ ಅಂದರು. ಅವನು ಹೊಡೆದುಹಾಕಿ "ಲೋಕವನ್ನು ಬದಲಿಸಬೇಕು" ಅಂತ ಬರೆದ. ಚಪ್ಪಾಳೆ ಬಿತ್ತು. ಮುಂಗಡ ಹಂಗೇ ಉಳೀತು.

ಮುಖ್ಯ ಪಾಠ ನೆಹೆಮೀಯನದು. ಇದು ಗೊತ್ತಿಲ್ಲದವರಿಗೆ ಎರಡು ಮಾತು. ಹಳೆಯ ಒಡಂಬಡಿಕೆಯಲ್ಲಿ ಅವನ ಹೆಸರಿನದೇ ಒಂದು ಪುಸ್ತಕ ಇದೆ. ಪರ್ಷಿಯಾದ ದೊರೆಗೆ ದ್ರಾಕ್ಷಾರಸ ಕೊಡುವ ಸೇವಕ ಅವನು. ತನ್ನ ಜನರ ಪಟ್ಟಣ ಜೆರೂಸಲೇಮಿನ ಗೋಡೆ ಬಿದ್ದುಹೋಗಿದೆ ಅಂತ ಕೇಳಿ ಅತ್ತು, ದೊರೆಯ ಅಪ್ಪಣೆ ಪಡೆದು ಹೋಗಿ, ಜನರನ್ನು ಕೂಡಿಸಿ, 52 ದಿನಕ್ಕೆ ಗೋಡೆ ಕಟ್ಟಿ ಮುಗಿಸ್ತಾನೆ. ನಾಯಕತ್ವದ ಶಿಬಿರ ನಡೆಸುವವರಿಗೆಲ್ಲ ಇವನು ಬಹಳ ಇಷ್ಟ. ಯಾಕಂದರೆ ಯೋಜನೆ ಇದೆ, ತಂಡ ಇದೆ, ಕೆಲಸ ಹಂಚಿಕೆ ಇದೆ, ಗಡುವು ಇದೆ. ಕಂಪನಿಯ ಮ್ಯಾನೇಜರಿಗೂ ಹೊಂದುತ್ತದೆ, ಪಾಸ್ಟರಿಗೂ ಹೊಂದುತ್ತದೆ.

ಮೊದಲ ದಿನ ಒಂದು, ಎರಡನೇ ಅಧ್ಯಾಯ. ಎರಡನೇ ದಿನ ಮೂರು, ನಾಲ್ಕು. ಮೂರನೇ ದಿನ ಆರು. ಕೈಗೆ ಕೊಟ್ಟ ಪುಸ್ತಿಕೆಯಲ್ಲೂ ಹಾಗೇ, ನಾಲ್ಕು ಆದ ಮೇಲೆ ಆರು. ನಾನು ಮೊದಲು ಸೈಕ್ಲೋಸ್ಟೈಲ್ ಮಾಡುವಾಗ ಹಾಳೆ ತಪ್ಪಿದೆ ಅಂದುಕೊಂಡೆ. ನಮ್ಮ ಪತ್ರಿಕೆಯಲ್ಲಿ ಆಗಾಗ ಆಗ್ತದಲ್ಲ. ಆದರೆ ಅವರದು ಒಳ್ಳೇ ಆಫ್‌ಸೆಟ್ ಮುದ್ರಣ, ಹಾಳೆ ತಪ್ಪುವಂಥದ್ದಲ್ಲ.

ಆ ರಾತ್ರಿ ಅಜ್ಜಿಯ ಬೈಬಲ್ ತೆಗೆದೆ. ರಟ್ಟು ಹೋಗಿದೆ, ಅಂಚು ಇಲಿ ತಿಂದಿದೆ. ಐದನೇ ಅಧ್ಯಾಯ ಹಾಗೇ ಇದೆ.

ಏನಿದೆ ಅದರಲ್ಲಿ? ಗೋಡೆ ಕಟ್ಟುವ ಕೆಲಸ ನಡೆದಿರುವಾಗಲೇ ಬಡವರು, ಅವರ ಹೆಂಡಂದಿರು ಬಂದು ಗೋಳಿಡ್ತಾರೆ. ಯಾರ ಮೇಲೆ? ಹೊರಗಿನ ಶತ್ರುವಿನ ಮೇಲಲ್ಲ, ತಮ್ಮದೇ ಜನದ ಸಾಹುಕಾರರ ಮೇಲೆ. ಕಾಳಿಗಾಗಿ ಹೊಲ ಒತ್ತೆ ಇಟ್ಟೆವು, ಮನೆ ಒತ್ತೆ ಇಟ್ಟೆವು, ದೊರೆಯ ಕಂದಾಯಕ್ಕೆ ಸಾಲ ಮಾಡಿದೆವು, ಈಗ ಮಕ್ಕಳನ್ನೇ ಜೀತಕ್ಕೆ ಬಿಡುವ ಹೊತ್ತು ಬಂದಿದೆ, ಹೆಣ್ಣುಮಕ್ಕಳು ಕೆಲವರು ಆಗಲೇ ಜೀತಕ್ಕೆ ಹೋಗಿದ್ದಾರೆ, ಬಿಡಿಸಿಕೊಳ್ಳುವ ಶಕ್ತಿ ನಮಗಿಲ್ಲ ಅಂತ. ನೆಹೆಮೀಯನಿಗೆ ಸಿಟ್ಟು ಬರ್ತದೆ. ಪ್ರಾರ್ಥನೆಗೆ ಕೂಡಿರಿ ಅನ್ನಲಿಲ್ಲ ಅವನು. ದೊಡ್ಡವರನ್ನು ತುಂಬಿದ ಸಭೆಯಲ್ಲಿ ನಿಲ್ಲಿಸ್ತಾನೆ. ತಾನೂ ತನ್ನ ಅಣ್ಣತಮ್ಮಂದಿರೂ ಸಾಲ ಕೊಟ್ಟವರೇ ಅಂತ ಮೊದಲು ಒಪ್ಪಿಕೊಳ್ತಾನೆ. ಆಮೇಲೆ ಹೊಲ, ತೋಟ, ಮನೆ, ಬಡ್ಡಿ ಎಲ್ಲ ಇವತ್ತೇ ವಾಪಸು ಕೊಡಿ ಅಂತಾನೆ. ಬಾಯಿಮಾತು ನಂಬದೆ ಆಣೆ ಮಾಡಿಸ್ತಾನೆ. ಹನ್ನೆರಡು ವರ್ಷ ಅಧಿಪತಿಗೆ ಸಲ್ಲಬೇಕಾದ ಭತ್ಯವನ್ನೂ ಮುಟ್ಟಲಿಲ್ಲ.

ಇದಪ್ಪಾ ನಾಯಕತ್ವ! ಇಡೀ ಪುಸ್ತಕದಲ್ಲಿ ನಮ್ಮ ಕೇರಿಯ ಕತೆ ಇರುವುದು ಇದೊಂದೇ ಅಧ್ಯಾಯದಲ್ಲಿ, ಅದನ್ನೇ ಕಿತ್ತು ಹಾಕಿದ್ದಾರೆ. ಗೋಡೆ ಕಟ್ಟುವವರಿಗೆ ಕಲ್ಲು ಹೊರುವ ಉತ್ಸಾಹ ಬೇಕು, ಕಲ್ಲು ಹೊತ್ತವನ ಹೊಲ ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆ ಬೇಡ.

ಔರಾದ, ಭಾಲ್ಕಿ ತಾಲೂಕುಗಳಲ್ಲಿ ಕಬ್ಬಿನ ಮುಂಗಡ ತಗೊಂಡು ಗಂಡಹೆಂಡಿರು ಜೋಡಿಯಾಗಿ ಹೋಗ್ತಾರೆ. ಹೈದರಾಬಾದಿನ ಕಟ್ಟಡಗಳಿಗೆ ಹೋಗ್ತಾರೆ, ಇಟ್ಟಂಗಿ ಭಟ್ಟಿಗಳಿಗೆ ಹೋಗ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು. ಜೀತ ರದ್ದು ಮಾಡುವ ಕಾಯ್ದೆ 1976ರದು. ಮುಂಗಡ ಅನ್ನುವ ಹೊಸ ಹೆಸರು ಇಟ್ಟುಕೊಂಡು ಜೀತ ಆರಾಮಾಗಿ ಓಡಾಡ್ತಿದೆ. ಸಂಘದ ಸಾಲದ ವಸೂಲಿಯವರು ಬಾಗಿಲಿಗೆ ಬಂದು ಕೂರ್ತಾರೆ. ಎಷ್ಟೋ ಜನ ಊರು ಬಿಟ್ಟು, ಕೆಲವರು ಜೀವವನ್ನೇ ಬಿಟ್ಟ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಯಾರಾದರೂ ಬರೆಸಿಕೊಂಡಿದ್ದರೆ ಅದನ್ನು ವಾಪಸು ಕೊಡಿಸುವ ಪಿಟಿಸಿಎಲ್ ಕಾಯ್ದೆ ದೇವರಾಜ ಅರಸರ ಕಾಲದಿಂದ, 1978ರಿಂದ ಇದೆ. ತಡವಾಗಿ ಬಂದಿರಿ ಅಂತ ಕೋರ್ಟುಗಳು ಅರ್ಜಿ ತಳ್ಳುತ್ತಿದ್ದವು. 2023ರಲ್ಲಿ ತಿದ್ದುಪಡಿ ಮಾಡಿ ಕಾಲಮಿತಿ ಇಲ್ಲ ಅಂದರು. ಇದು ನೆಹೆಮೀಯನ ಐದನೇ ಅಧ್ಯಾಯವನ್ನೇ ಸರ್ಕಾರಿ ಭಾಷೆಯಲ್ಲಿ ಬರೆದಂತೆ ಅಲ್ಲವೇ? ಐದು ದಿನದಲ್ಲಿ ಅರ್ಧ ತಾಸು ಇದನ್ನು ಕಲಿಸಿದ್ದರೆ ಅಲ್ಲಿದ್ದವರಲ್ಲಿ ಹತ್ತು ಮನೆಗೆ ಹೊಲ ಬರುವ ದಾರಿ ತೆರೀತಿತ್ತೇನೋ.

ನಾಲ್ಕನೇ ದಿನ ಭಾಲ್ಕಿಯಲ್ಲಿ ಆ ಹುಡುಗಿ ಎದ್ದಳು. ಔರಾದ ಕಡೆಯವಳು, ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ. ಮೂರು ದಿನ ಬಾಯಿ ಬಿಟ್ಟಿರಲಿಲ್ಲ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಕೇಳಿದಳು:

"ಸರ್, ನೀವು ಲೀಡರ್ ಆಗ್ರಿ ಅಂದ್ರಿ. ನಮ್ಮೂರ ಪಂಚಾಯ್ತಿದಾಗ ಎಸ್ಸಿ ಹೆಣ್ಣುಮಕ್ಕಳ ಸೀಟ್ ಅದ. ನಾ ನಿಂತ್ರ ನಾಮಪತ್ರದಾಗ ಯಾವ ಹೆಸರು ಬರೀಲಿ? ಸಾಲ್ಯಾಗಿಂದಾ, ಚರ್ಚಿಂದಾ?"

ಸಭೆ ಗಪ್ಪಾಯಿತು. ಯಾಕಂದರೆ ಅಲ್ಲಿ ಕೂತಿದ್ದ ಬಹಳ ಮಂದಿಗೆ ಎರಡೆರಡು ಹೆಸರು. ಶಾಲೆ ದಾಖಲೆಯಲ್ಲಿ ಒಂದು, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು. (ನನಗೆ ಎಷ್ಟು ಅಂತ ಕೇಳಬೇಡಿ, ಈ ಪತ್ರಿಕೆ ಯಾರ ಕೈಗೆ ಹೋಗ್ತದೋ.) ಇದು ಮೋಸವಾ? ಹೌದು ಅಂತದೆ ಕೋರ್ಟು. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ, ಚರ್ಚಿಗೆ ಹೋಗ್ತಾ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಮೊದಲು ಯಾರು ಯಾರಿಗೆ ವಂಚನೆ ಮಾಡಿದರು? 1950ರ ರಾಷ್ಟ್ರಪತಿಗಳ ಆಜ್ಞೆಯ ಮೂರನೇ ಪ್ಯಾರಾ ಪರಿಶಿಷ್ಟ ಜಾತಿ ಅಂದರೆ ಹಿಂದೂ ಮಾತ್ರ ಅಂತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು, ಅದೂ ಬಾಬಾಸಾಹೇಬರು ತೀರಿಕೊಂಡು 34 ವರ್ಷದ ಮೇಲೆ. ಕ್ರೈಸ್ತರು, ಮುಸಲ್ಮಾನರು ಇವತ್ತಿಗೂ ಹೊರಗೆ. ಇಲ್ಲಿ ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಒಂದು ಮೂಲೆ ಕೊಟ್ಟಿದ್ದಾರೆ.

ಮದ್ರಾಸಿನ ಸೂಸೈ ಅನ್ನುವವನ ಕತೆ ಎಲ್ಲರೂ ಓದಬೇಕು. ರಸ್ತೆ ಪಕ್ಕ ಕೂತು ಚಪ್ಪಲಿ ಹೊಲಿಯುವವನು. ಸರ್ಕಾರ ಹಂಗೇ ಕೂತ ಚಮ್ಮಾರರಿಗೆ ಪುಕ್ಕಟೆ ಡಬ್ಬಿ ಅಂಗಡಿ ಕೊಟ್ಟಿತು. ಇವನಿಗೆ ಇಲ್ಲ, ನೀನು ಕ್ರೈಸ್ತ ಅಂದರು. ಅದೇ ರಸ್ತೆ, ಅದೇ ಧೂಳು, ಅದೇ ಉಳಿ, ಅದೇ ಜಾತಿ. 1985ರಲ್ಲಿ ಸುಪ್ರೀಂ ಕೋರ್ಟು, ಧರ್ಮ ಬದಲಿಸಿದ ಮೇಲೂ ಜಾತಿಯ ಸಂಕಟ ಅಷ್ಟೇ ತೀವ್ರವಾಗಿ ಉಳಿದಿದೆ ಅನ್ನುವುದಕ್ಕೆ ಆಧಾರ ಎಲ್ಲಿ ಅಂತ ಕೇಳಿ ಅರ್ಜಿ ವಜಾ ಮಾಡಿತು. ಆಧಾರ ಬೇಕಿದ್ದರೆ ನಮ್ಮೂರ ಹೋಟೆಲಿಗೆ ಬರ್ರಿ. ಪೆದ್ದನ ಮಗ ಪೀಟರ್ ಆದರೆ ಹೋಟೆಲಿನವನಿಗೆ ಅವನು ಇನ್ನೂ ಪೆದ್ದನ ಮಗನೇ. 2025ರ ಏಪ್ರಿಲಿನಲ್ಲಿ ಆಂಧ್ರ ಹೈಕೋರ್ಟ್ ಇನ್ನೊಂದು ಹೆಜ್ಜೆ ಹೋಯಿತು. ಜಾತಿ ಎತ್ತಿ ಬೈದು ಹೊಡೆದರು ಅಂತ ಒಬ್ಬ ಪಾಸ್ಟರ್ ಕೊಟ್ಟ ದೂರಿನಲ್ಲಿ, ನೀನು ಪಾಸ್ಟರ್, ದೌರ್ಜನ್ಯ ತಡೆ ಕಾಯ್ದೆ ನಿನಗೆ ಅನ್ವಯಿಸದು ಅಂದಿತು. ಹೊಡೆಯುವವನಿಗೆ ಜಾತಿ ಕಾಣ್ತದೆ, ನ್ಯಾಯಾಲಯಕ್ಕೆ ಧರ್ಮ ಮಾತ್ರ ಕಾಣ್ತದೆ.

ಇಷ್ಟೆಲ್ಲ ಆ ಹುಡುಗಿಯ ಒಂದು ಪ್ರಶ್ನೆಯೊಳಗೆ ಇತ್ತು. ತರಬೇತುದಾರರು ಮುಗುಳ್ನಕ್ಕು ಹೇಳಿದರು: ಇದು ರಾಜಕೀಯ ಆಗ್ತದಮ್ಮಾ, ಒಂದು ಚೀಟಿಯಲ್ಲಿ ಬರೆದು ಶಿಲುಬೆಯ ಬುಡದಲ್ಲಿ ಇಡು, ಎಲ್ಲರೂ ಪ್ರಾರ್ಥಿಸೋಣ.

ಚೀಟಿ ಇಟ್ಟಳು. ಪ್ರಾರ್ಥಿಸಿದೆವು. ನಾನೂ ಕಣ್ಣು ಮುಚ್ಚಿದ್ದೆ.

ಊಟದ ಹೊತ್ತಿಗೆ ನಾನು ಹೋಗಿ ಜಗಳ ತೆಗೆದೆ. ಐದನೇ ಅಧ್ಯಾಯ ಯಾಕೆ ಬಿಟ್ಟಿರಿ? ವೇಳೆ ಸಾಲಲಿಲ್ಲ ಅಂದರು. ಹಗ್ಗದ ಆಟಕ್ಕೆ ಒಂದು ಇಡೀ ಮಧ್ಯಾಹ್ನ ಸಾಲುತ್ತದೆ! ಆಮೇಲೆ ಮೆತ್ತಗೆ ನಿಜ ಹೇಳಿದರು. ಚರ್ಚಿನೊಳಗೆ ಜಾತಿ ಮಾತಾಡಿದರೆ ಜಾತಿ ಒಳಗೆ ಬರ್ತದೆ ತಮ್ಮಾ ಅಂದರು. ಸ್ವಾಮಿ, ಬರಲಿಕ್ಕೆ ಅದು ಹೊರಗೆ ಯಾವಾಗ ಹೋಗಿತ್ತು? ಮದುವೆ ಸಂಬಂಧ ನೋಡುವಾಗ ಯಾವ ಕೇರಿ ಅಂತ ಕೇಳದ ಹಿರಿಯರು ಎಷ್ಟು ಮಂದಿ? 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ ಹೆಸರುಗಳು ಬಂದಾಗ ರಾಜ್ಯದಲ್ಲಿ ಎಂಥ ಗದ್ದಲ! ಹಿಂದೂ ಧರ್ಮ ಒಡೆಯುತ್ತದೆ ಅಂದರು. ಕೊನೆಗೆ ಆ ಹೆಸರುಗಳನ್ನು ಪಟ್ಟಿಯಿಂದ ಮರೆ ಮಾಡಿದರು. ಹೆಸರು ಪಟ್ಟಿಯಿಂದ ಹೋಯಿತು, ಮನುಷ್ಯ ಎಲ್ಲಿಗೆ ಹೋಗಬೇಕು? ಈ ದೇಶದ ನಮ್ಮಂಥವರ ಸ್ಥಾನಮಾನ ನೋಡಲಿಕ್ಕೆ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು, ಅವಧಿ ಹೆಚ್ಚಿಸುತ್ತಾ ಹೋದರು. ಅದಕ್ಕೂ ಮೊದಲು 2007ರಲ್ಲೇ ರಂಗನಾಥ ಮಿಶ್ರಾ ಆಯೋಗ ಧರ್ಮದ ಗೋಡೆ ತೆಗೆಯಿರಿ ಅಂತ ಬರೆದುಕೊಟ್ಟಿತ್ತು. ಗೋಡೆ ಕಟ್ಟಲಿಕ್ಕೆ 52 ದಿನ, ಕೆಡವಲಿಕ್ಕೆ ಎಷ್ಟು?

ಈಗ ನಮ್ಮ ಕಡೆಗೆ ಬರ್ತೇನೆ, ಬಿಡೋದಿಲ್ಲ ಅಂದಿದ್ದೆ.

ಅಂಬೇಡ್ಕರ್ 1956ರಲ್ಲಿ, ಕಣ್ಣು ಮಂಜಾಗಿ, ಕಾಲು ಸೋತಿದ್ದಾಗ ಮುಂಬಯಿಯಲ್ಲಿ ಒಂದು ಶಾಲೆ ತೆರೆಸಿದರು. ರಾಜಕೀಯಕ್ಕೆ ಬರುವವರಿಗೆ ತರಬೇತಿ ಶಾಲೆ. ಅದೇ ವರ್ಷ ಧಮ್ಮದೀಕ್ಷೆ, ಅದೇ ವರ್ಷ ಈ ಶಾಲೆ. ನಂಬಿಕೆ ಒಂದು ಕೈಯಲ್ಲಿ, ಶಾಸನಸಭೆಯ ವಿದ್ಯೆ ಇನ್ನೊಂದು ಕೈಯಲ್ಲಿ. ಅವರು ಹೋದ ಮೇಲೆ ಶಾಲೆ ನಿಂತಿತು. ಅದನ್ನು ಮತ್ತೆ ತೆರೆದವರು ನಮ್ಮಲ್ಲಿ ಯಾರು? ಎಪ್ಪತ್ತರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಕಾಲಕ್ಕೆ ಅಧ್ಯಯನ ಶಿಬಿರ ಅಂತ ಇದ್ದವು, ಹಿರಿಯರು ಇವತ್ತಿಗೂ ಕಣ್ಣರಳಿಸಿ ಹೇಳ್ತಾರೆ. ಅದರಲ್ಲಿ ಕಲಿತವರೇ ಆಮೇಲೆ ಬಣ ಬಣ ಆಗಿ ಒಬ್ಬರ ಕರಪತ್ರ ಇನ್ನೊಬ್ಬರು ಹರಿದರು. ಈಗ ನಾವು ಮಾಡುವುದು ಏಪ್ರಿಲ್ 14ಕ್ಕೆ ಡಿಜೆ, ಡಿಸೆಂಬರ್ 6ಕ್ಕೆ ಮೇಣದಬತ್ತಿ. ಔರಾದದ ಆ ಹುಡುಗಿಯ ಊರಿಗೆ ಹೋಗಿ ಐದು ದಿನ ಕೂತು, ಊಟ ಹಾಕಿ, ಹೆಸರು ಹಿಡಿದು ಮಾತಾಡಿಸಿದವರು ಯಾರು? ಸಂಘಟನೆಯಲ್ಲ, ಆ ಶಿಬಿರದವರು. ಮೈಕು ಕೊಟ್ಟವರೂ ಅವರೇ. ಕೇಳಿದ ಪ್ರಶ್ನೆಗೆ ಉತ್ತರ ಅವರ ಹತ್ತಿರ ಇರಲಿಲ್ಲ, ನಿಜ. ನಮ್ಮ ಹತ್ತಿರ ಉತ್ತರ ಇದೆ ಅಂತೇವೆ, ಆದರೆ ಅವಳು ಕೇಳುವ ಜಾಗದಲ್ಲಿ ನಾವಿರಲಿಲ್ಲ. ಇನ್ನೂ ಕೆಟ್ಟದ್ದು, ನಮ್ಮಲ್ಲೇ ಕೆಲವರು ಚರ್ಚಿಗೆ ಹೋಗುವವರನ್ನು ನೋಡಿ ಇವರು ನಮ್ಮ ಮೀಸಲಾತಿ ತಿನ್ನುವವರು ಅಂತ ಪಿಸುಗುಡ್ತಾರೆ. ಪಾಲು ಕಡಿಮೆ ಅಂತ ಒಡಹುಟ್ಟಿದವಳನ್ನು ಮನೆಯಿಂದ ಹೊರಗಿಡುವುದು ಗೌಡಕಿಯ ಬುದ್ಧಿ, ಭೀಮನ ಬುದ್ಧಿಯಲ್ಲ.

ಕೊನೆಯ ದಿನ ಔರಾದದಲ್ಲಿ ಸರ್ಟಿಫಿಕೇಟ್ ಬರೆಯಲು ಹೆಸರು ಕೇಳಿದರು. ಅವಳು ಎರಡೂ ಹೆಸರು ಬರೆದುಕೊಟ್ಟಳು. ಗೆರೆಯ ಮೇಲೆ ಅಷ್ಟು ಜಾಗ ಇಲ್ಲಮ್ಮಾ, ಒಂದು ಸಾಕು ಅಂದರು. ಅವಳು ತಗೊಳ್ಳದೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಓಡಿಹೋದೆ, ನೋಡ್ರಿ, ಹಿಂದೆ ಹೋದವನು ನಾಯಕ! ಅವಳು ಚೀಲದಿಂದ ಮಡಚಿದ ಹಳೆಯ ಕಾಗದ ತೆಗೆದು ಕೊಟ್ಟಳು. ಅವಳ ಅಜ್ಜನ ಹೆಸರಿನಲ್ಲಿ ಸರ್ಕಾರ ಮಂಜೂರು ಮಾಡಿದ ಎರಡು ಎಕರೆಯ ಕಾಗದ. ಹೊಲ ಈಗ ಊರಿನ ದೊಡ್ಡವರ ಹತ್ತಿರ ಅದೆ. "ನಿಮ್ಮ ಸಂಘಟನ್ಯಾಗ ಇದಕ್ಕ ಅರ್ಜಿ ಬರೆಯೋರು ಇದ್ರ ನೋಡ್ರಿ" ಅಂದು ಬಸ್ ಹತ್ತಿದಳು.

ಆ ಕಾಗದ ನನ್ನ ಚೀಲದಲ್ಲಿದೆ. ಅಸಿಸ್ಟೆಂಟ್ ಕಮಿಷನರ್ ಮುಂದೆ ಪಿಟಿಸಿಎಲ್ ಅರ್ಜಿ ಹಾಕಿ ಗೊತ್ತಿದ್ದವರು, ಅಜ್ಜನದು ಒಂದು ಹೆಸರು ಮೊಮ್ಮಗಳದು ಇನ್ನೊಂದು ಇದ್ದರೆ ವಂಶಾವಳಿ ಹೇಗೆ ಮಾಡಿಸಬೇಕು ಅಂತ ಬಲ್ಲ ವಕೀಲರು, ಈ ಸಭೆಯಲ್ಲಿ ಯಾರಾದರೂ ಇದ್ದರೆ ಮುಗಿದ ಮೇಲೆ ಹೋಗಬೇಡಿ. ಪತ್ರಿಕೆ ಮಾರುವ ಮೇಜಿನ ಹತ್ತಿರ ನಿಂತಿರ್ತೇನೆ.